ಸಹವಾಸಿಗಳ ಮನೆಗೆಲಸ ಮತ್ತು ಸರದಿಯ ತಂತ್ರಾಂಶ: ಒಂದು ವಿವೇಚನೆ

ಉನ್ನತ ವ್ಯಾಸಂಗಕ್ಕಾಗಿ ಊರನ್ನು ಬಿಟ್ಟು ಧಾರವಾಡ, ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರು ಮೊದಲಾದ ನಗರಗಳಿಗೆ ತೆರಳುವ ವಿದ್ಯಾರ್ಥಿಗಳೆಲ್ಲರಿಗೂ ವಸತಿನಿಲಯದ ಆಶ್ರಯ ದೊರೆಯುವುದಿಲ್ಲ. ಮೂವರೋ ನಾಲ್ವರೋ ಕೂಡಿ ಒಂದು ಮನೆಯನ್ನು ಬಾಡಿಗೆಗೆ ಹಿಡಿದು, ತಾವೇ ಅಡಿಗೆ ಮಾಡಿಕೊಂಡು, ತಾವೇ ಪಾತ್ರೆ ತೊಳೆದುಕೊಂಡು ಓದುವವರೂ ಅನೇಕರಿದ್ದಾರೆ. ಇಂಥ ಮನೆಗಳಲ್ಲಿ ವಿರಸವು ಹುಟ್ಟುವುದು ದೊಡ್ಡ ಸಂಗತಿಗಳಿಂದಲ್ಲ; ರಾತ್ರಿಯಿಡೀ ತೊಳೆಯದೆ ಉಳಿದ ಪಾತ್ರೆಯಿಂದ, ಖಾಲಿಯಾದರೂ ಯಾರೂ ತುಂಬಿಸದ ಕುಡಿಯುವ ನೀರಿನ ಕ್ಯಾನಿನಿಂದ, ವಾರಗಟ್ಟಲೆ ಯಾರೂ ಮುಟ್ಟದ ಬಚ್ಚಲಿನಿಂದ. ಬಾಲ್ಯದಿಂದ ಬೆಳೆದುಬಂದ ಗೆಳೆತನವೂ ಒಂದು ವರ್ಷದ ಸಹವಾಸದಲ್ಲಿ ಮುರಿದುಬೀಳುವುದುಂಟು.

ಮಠಗಳ ಉಚಿತ ಪ್ರಸಾದ ನಿಲಯಗಳಲ್ಲಿ ಓದಿ ಬೆಳೆದವರಿಗೆ ಸರದಿಯ ಪದ್ಧತಿ ಅಪರಿಚಿತವಾದುದಲ್ಲ. ಅಲ್ಲಿ ಸರದಿಯನ್ನು ನಿಶ್ಚಯಿಸುವ ನಿಲಯಪಾಲಕರಿರುತ್ತಾರೆ. ತಪ್ಪಿದರೆ ಕೇಳುವ ಹಿರಿಯರಿರುತ್ತಾರೆ. ಬಾಡಿಗೆಯ ಮನೆಯಲ್ಲಿಯಾದರೋ ಎಲ್ಲರೂ ಓರಗೆಯವರು. ಹೇಳುವವರಾರು, ಕೇಳುವವರಾರು? ಈ ಕೊರತೆಯನ್ನು ತುಂಬಲು ಮೊಬೈಲ್ ಫೋನಿನಲ್ಲಿ ನಡೆಯುವ ಕಿರುತಂತ್ರಾಂಶವೊಂದನ್ನು, ಅಂದರೆ ಜನರ ಮಾತಿನಲ್ಲಿ ‘ಆ್ಯಪ್’ ಒಂದನ್ನು, ರಚಿಸಬಹುದೆಂಬ ಆಲೋಚನೆ ಇಂದಿನ ತರುಣರಿಗೆ ಸಹಜವಾಗಿಯೇ ಹೊಳೆಯುತ್ತದೆ. ಅದರ ಯಂತ್ರಭಾಗವನ್ನು ಬರೆಯುವುದು ಇಂಜಿನಿಯರಿಂಗ್ ವಿದ್ಯಾರ್ಥಿಗೆ ಕಠಿಣವಲ್ಲ. ಬರೆಯುವ ಮುನ್ನ ಮಾಡಬೇಕಾದ ವಿವೇಚನೆಯೇ ಕಠಿಣವಾದುದು. ತಂತ್ರಾಂಶವು ನಿಲಯಪಾಲಕನಾಗಬಾರದು, ನ್ಯಾಯಾಧೀಶನೂ ಆಗಬಾರದು. ಸಹವಾಸಿಗಳು ತಾವೇ ಮಾಡಿಕೊಂಡ ಒಪ್ಪಂದವನ್ನು ಬರೆದಿಟ್ಟುಕೊಳ್ಳುವ ಹಲಗೆಯಾಗಬೇಕು. ಈ ತತ್ತ್ವವನ್ನು ಮುಂದಿಟ್ಟುಕೊಂಡು ಅದರ ಅಂಗಾಂಗಗಳನ್ನು ಒಂದೊಂದಾಗಿ ಪರಿಶೀಲಿಸಬಹುದು.

ಹಣದ ಪಾಲು, ಶ್ರಮದ ಪಾಲು

ಹಣವನ್ನು ಹಂಚಿಕೊಳ್ಳುವುದು ಸುಲಭ. ಬಾಡಿಗೆ, ವಿದ್ಯುತ್ತು, ದಿನಸಿಗಳ ಖರ್ಚನ್ನು ಲೆಕ್ಕವಿಟ್ಟು ಪಾಲುಮಾಡುವ ‘ಸ್ಪ್ಲಿಟ್‌ವೈಸ್’ ಎಂಬ ತಂತ್ರಾಂಶವು 2011ರಲ್ಲಿಯೇ ಅಮೆರಿಕದಲ್ಲಿ ಹುಟ್ಟಿತು. ಭಾರತದಲ್ಲಿ 2016ರಲ್ಲಿ ಯುಪಿಐ ಪದ್ಧತಿ ಬಂದ ಮೇಲೆ ಗೆಳೆಯನ ಬಾಕಿಯನ್ನು ಕ್ಷಣಮಾತ್ರದಲ್ಲಿ ತೀರಿಸುವುದೂ ಸಾಧ್ಯವಾಗಿದೆ. ಒಂದು ರೂಪಾಯಿ ಎಲ್ಲರ ಕೈಯಲ್ಲಿಯೂ ಒಂದೇ ರೂಪಾಯಿ. ಆದುದರಿಂದ ಈ ಲೆಕ್ಕದಲ್ಲಿ ತಕರಾರಿಲ್ಲ.

ಶ್ರಮಕ್ಕೆ ಇಂಥ ಸಮಾನ ನಾಣ್ಯವಿಲ್ಲ. ಅಡಿಗೆಯಲ್ಲಿ ಆಸಕ್ತಿಯುಳ್ಳವನಿಗೆ ಸಾರು ಮಾಡುವುದು ವಿಶ್ರಾಂತಿ; ಒಲೆಯ ಮುಂದೆ ನಿಂತರಿಯದವನಿಗೆ ಅದೇ ಶಿಕ್ಷೆ. ಅಷ್ಟೇ ಅಲ್ಲದೆ, ಪ್ರತಿಯೊಬ್ಬನೂ ತಾನು ಮಾಡಿದ ಕೆಲಸವನ್ನು ಚೆನ್ನಾಗಿ ನೆನಪಿಟ್ಟುಕೊಳ್ಳುತ್ತಾನೆ, ಇತರರದನ್ನು ಮರೆಯುತ್ತಾನೆ. ಮೈಕಲ್ ರಾಸ್ ಮತ್ತು ಫಿಯೋರೆ ಸಿಕೋಲಿ ಎಂಬ ಮನೋವಿಜ್ಞಾನಿಗಳು 1979ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಂಪತಿಗಳನ್ನು ಪ್ರತ್ಯೇಕವಾಗಿ ವಿಚಾರಿಸಿದ್ದರು. ಮನೆಯ ಕೆಲಸಗಳಲ್ಲಿ ತನ್ನ ಪಾಲೆಷ್ಟೆಂದು ಗಂಡ ಹೇಳಿದುದನ್ನೂ ಹೆಂಡತಿ ಹೇಳಿದುದನ್ನೂ ಕೂಡಿಸಿದಾಗ, ಹೆಚ್ಚಿನ ಕೆಲಸಗಳಲ್ಲಿ ಮೊತ್ತವು ನೂರಕ್ಕೆ ನೂರನ್ನು ಮೀರಿತು. ಜಗಳಕ್ಕೆ ಕಾರಣವಾಗುವಂಥ ಕೆಟ್ಟ ಸಂಗತಿಗಳಲ್ಲಿಯೂ ಇದೇ ಒಲವು ಕಂಡುಬಂದುದರಿಂದ, ಇದು ಕೇವಲ ಆತ್ಮಪ್ರಶಂಸೆಯಲ್ಲ, ಸ್ಮರಣೆಯ ಸ್ವಭಾವವೇ ಹೀಗೆ ಎಂಬುದು ಸ್ಪಷ್ಟವಾಗುತ್ತದೆ. “ಎಲ್ಲವನ್ನೂ ನಾನೇ ಮಾಡುತ್ತಿದ್ದೇನೆ” ಎಂದು ನಾಲ್ವರೂ ನಂಬಿರುವ ಮನೆಯಲ್ಲಿ ನಾಲ್ವರೂ ಪ್ರಾಮಾಣಿಕರಾಗಿರಬಹುದು. ತಂತ್ರಾಂಶದ ಮೊದಲ ಪ್ರಯೋಜನವು ಇಲ್ಲಿದೆ: ನೆನಪಿನ ಸ್ಥಾನದಲ್ಲಿ ಅದು ಬರಹವನ್ನು ಇರಿಸುತ್ತದೆ.

ತೂಕದ ನಿರ್ಣಯ

ಬರೆಯುವುದೆಂದರೆ ಏನನ್ನು ಬರೆಯಬೇಕು? ಮೊದಲು ವಾರದ ಕೆಲಸಗಳ ಪಟ್ಟಿ. ಬಳಿಕ ಒಂದೊಂದಕ್ಕೂ ಒಂದು ತೂಕ. ನಾಲ್ವರಿರುವ ಮನೆಯೊಂದನ್ನು ಉದಾಹರಣೆಯಾಗಿ ಭಾವಿಸಬಹುದು. ಬಚ್ಚಲು ತೊಳೆಯುವ ಕೆಲಸಕ್ಕೆ ಒಂದರಿಂದ ಐದರವರೆಗೆ ಎಷ್ಟು ತೂಕವೆಂದು ನಾಲ್ವರೂ ಪರಸ್ಪರರಿಗೆ ತೋರಿಸದೆ ನಮೂದಿಸುತ್ತಾರೆ: 3, 4, 4, 5. ಇದರ ಸರಾಸರಿ 4. ಅದೇ ಆ ಮನೆಯ ತೂಕ. ಹೀಗೆಯೇ ರಾತ್ರಿಯ ಅಡಿಗೆಗೆ 3, ಪಾತ್ರೆಗೆ 2, ಕಸ ಗುಡಿಸಿ ನೆಲ ಒರೆಸುವುದಕ್ಕೆ 2, ಸಂತೆಗೆ 2, ನೀರಿನ ಕ್ಯಾನ್ ತರುವುದಕ್ಕೆ 1 ಎಂದು ನಿಶ್ಚಯವಾಯಿತೆಂದುಕೊಂಡರೆ, ವಾರದಲ್ಲಿ ಏಳು ಅಡಿಗೆಗೆ 21, ಏಳು ಸಲದ ಪಾತ್ರೆಗೆ 14, ಮೂರು ಸಲದ ಕಸಕ್ಕೆ 6, ಬಚ್ಚಲಿಗೆ 4, ಎರಡು ಸಂತೆಗೆ 4, ಮೂರು ಕ್ಯಾನಿಗೆ 3, ಒಟ್ಟು 52. ತಲೆಗೆ 13.

ಇಲ್ಲಿಗೆ ಲೆಕ್ಕ ಮುಗಿಯಿತೆಂದು ಭಾವಿಸುವುದೇ ಇಂಥ ತಂತ್ರಾಂಶಗಳಲ್ಲಿ ಆಗಬಹುದಾದ ದೊಡ್ಡ ಲೋಪ. ಎಣ್ಣೆ ಮುಗಿಯುತ್ತ ಬಂದಿದೆಯೆಂದು ಗಮನಿಸುವವರಾರು? ಸಿಲಿಂಡರನ್ನು ಕಾಯ್ದಿರಿಸುವವರಾರು? ಮನೆಯ ಮಾಲೀಕರಿಗೆ ನಲ್ಲಿ ಸೋರುವುದನ್ನು ತಿಳಿಸುವವರಾರು? ಕೈಯಿಂದಲ್ಲದೆ ಮನಸ್ಸಿನಿಂದ ನಡೆಯುವ ಈ ಕೆಲಸವು ಯಾರ ಕಣ್ಣಿಗೂ ಬೀಳುವುದಿಲ್ಲ. ಆಲಿಸನ್ ಡ್ಯಾಮಿಂಜರ್ ಎಂಬ ಸಮಾಜವಿಜ್ಞಾನಿ 2019ರ ಲೇಖನದಲ್ಲಿ ಇದನ್ನು ನಾಲ್ಕು ಅಂಗಗಳಾಗಿ ವಿಂಗಡಿಸಿದ್ದಾರೆ: ಅಗತ್ಯವನ್ನು ಮುಂದಾಗಿ ಊಹಿಸುವುದು, ಉಪಾಯಗಳನ್ನು ಹುಡುಕುವುದು, ನಿರ್ಧರಿಸುವುದು, ನೆರವೇರಿತೇ ಎಂದು ನೋಡಿಕೊಳ್ಳುವುದು. ಈ ಮೇಲ್ವಿಚಾರಣೆಯನ್ನೂ ಒಂದು ಕೆಲಸವೆಂದು ಪಟ್ಟಿಯಲ್ಲಿ ಸೇರಿಸಿ 4 ತೂಕ ಕೊಟ್ಟರೆ ಮೊತ್ತ 56 ಆಗುತ್ತದೆ, ತಲೆಗೆ 14. ಆಗ ಮೇಲ್ವಿಚಾರಣೆ ಹೊತ್ತವನು ಕೈಕೆಲಸದಲ್ಲಿ 10 ತೂಕವನ್ನು ಮಾತ್ರ ಮಾಡಿದರೆ ಸಾಕು. ಇದನ್ನು ಸೇರಿಸದಿದ್ದರೆ ಆತನು ಇತರರಷ್ಟೇ ದುಡಿದು, ಮೇಲೆ ಮನೆಯ ಚಿಂತೆಯನ್ನೂ ಹೊರಬೇಕಾಗುತ್ತದೆ.

ಪಟ್ಟಿಯನ್ನು ಹಂಚುವ ಬಗೆಯಲ್ಲಿ ಗಣಿತಶಾಸ್ತ್ರದ ನೆರವು ದೊರೆಯುತ್ತದೆ. ಪೋಲೆಂಡಿನ ಗಣಿತಜ್ಞ ಹ್ಯೂಗೋ ಸ್ಟೈನ್‌ಹೌಸ್ ನ್ಯಾಯಸಮ್ಮತ ಹಂಚಿಕೆಯ ಪ್ರಶ್ನೆಯನ್ನು 1948ರಲ್ಲಿ ಶಾಸ್ತ್ರೀಯವಾಗಿ ಮಂಡಿಸಿದರು. ಸವಿಯಾದ ವಸ್ತುವಿನ ಬದಲು ಬೇಡವಾದ ಕೆಲಸವನ್ನು ಹಂಚುವ ಪ್ರಶ್ನೆಯನ್ನು ಮಾರ್ಟಿನ್ ಗಾರ್ಡ್ನರ್ 1978ರಲ್ಲಿ ಎತ್ತಿದರು. ಎಲಿಷಾ ಪೀಟರ್ಸನ್ ಮತ್ತು ಫ್ರಾನ್ಸಿಸ್ ಸು 2002ರಲ್ಲಿ ನಾಲ್ವರು ಪರಸ್ಪರ ಅಸೂಯೆಗೆ ಎಡೆಯಿಲ್ಲದಂತೆ ಕೆಲಸಗಳನ್ನು ಹಂಚಿಕೊಳ್ಳುವ ವಿಧಾನವೊಂದನ್ನು ತೋರಿಸಿದರು. ಇಬ್ಬರೇ ಇದ್ದಲ್ಲಿ ಉಪಾಯವು ಹಳ್ಳಿಯ ಮಕ್ಕಳಿಗೂ ಗೊತ್ತು: ಒಬ್ಬನು ಎರಡು ಪಾಲು ಮಾಡಲಿ, ಇನ್ನೊಬ್ಬನು ಆರಿಸಿಕೊಳ್ಳಲಿ. ವಿದ್ಯಾರ್ಥಿಗಳ ತಂತ್ರಾಂಶಕ್ಕೆ ಇದಕ್ಕಿಂತ ಗಹನವಾದ ಗಣಿತ ಬೇಕಿಲ್ಲ. ಒಂದು ಕೆಲಸವು ಯಾರಿಗೆ ಹಗುರವೋ ಅವರಿಗೆ ಅದನ್ನು ಮೊದಲು ಕೊಡುವುದು, ಯಾರಿಗೂ ಬೇಡವಾದುದನ್ನು ವಾರಕ್ಕೊಬ್ಬರಂತೆ ಸುತ್ತಿಸುವುದು, ತಿಂಗಳಿಗೊಮ್ಮೆ ತೂಕವನ್ನು ಮರುಪರಿಶೀಲಿಸುವುದು, ಇಷ್ಟು ಸಾಕು.

ಪರೀಕ್ಷೆ, ಕಾಯಿಲೆ, ಊರಿನ ಜಾತ್ರೆ ಇವುಗಳಿಗೂ ಅವಕಾಶವಿರಬೇಕು. ಒಬ್ಬನ 6 ತೂಕದ ಕೆಲಸವನ್ನು ಗೆಳೆಯನೊಬ್ಬನು ವಹಿಸಿಕೊಂಡರೆ, ಮುಂದಿನ ಮೂರು ವಾರ ಮೊದಲಿನವನು 16ನ್ನೂ ನೆರವಾದವನು 12ನ್ನೂ ಮಾಡಿ ಋಣವನ್ನು ತೀರಿಸಿಕೊಳ್ಳಬಹುದು. ಆದರೆ ಬಾಕಿಯು ವರ್ಷವಿಡೀ ಬೆಳೆಯಲು ಬಿಡಬಾರದು. ತಿಂಗಳ ಕೊನೆಯಲ್ಲಿ ನಾಲ್ವರೂ ಒಪ್ಪಿದರೆ ಅದನ್ನು ಅಳಿಸುವ ಅನುಕೂಲವೂ ಇರತಕ್ಕದ್ದು.

ಸೂಚನೆಯ ಭಾಷೆ

ಕನ್ನಡದ ತಂತ್ರಾಂಶವನ್ನು ರಚಿಸುವವರು ಗಮನಿಸಲೇಬೇಕಾದ ಇನ್ನೊಂದು ವಿಷಯವಿದೆ. ಕನ್ನಡ ಲಿಪಿಯು 1991ರ ಮೊದಲ ಯುನಿಕೋಡ್ ಸಂಕೇತಾವಳಿಯಲ್ಲಿಯೇ ಸೇರಿದೆ. ಅಕ್ಷರಗಳ ತೊಡಕು ಇಂದು ಉಳಿದಿಲ್ಲ. ತೊಡಕಿರುವುದು ವಾಕ್ಯದಲ್ಲಿ. ಇಂಗ್ಲಿಷಿನ ಭೂತಕಾಲದ ಕ್ರಿಯಾಪದಕ್ಕೆ ಲಿಂಗವಿಲ್ಲ. ಯಾವ ಹೆಸರನ್ನು ಮುಂದಿಟ್ಟರೂ ವಾಕ್ಯವು ನಡೆಯುತ್ತದೆ. ಕನ್ನಡದಲ್ಲಿ ತೊಳೆದನು, ತೊಳೆದಳು, ತೊಳೆದರು ಎಂದು ಕರ್ತೃವಿಗೆ ತಕ್ಕಂತೆ ರೂಪವು ಬದಲಾಗುತ್ತದೆ. ವಿಭಕ್ತಿಯ ವಿಷಯವೂ ಹೀಗೆಯೇ. ರವಿಗೆ, ಶಂಭುವಿಗೆ, ಬಸವರಾಜನಿಗೆ, ಗಿರಿಜೆಗೆ ಎಂಬಲ್ಲಿ ಪ್ರತ್ಯಯವು ಒಂದೊಂದು ಹೆಸರಿಗೆ ಒಂದೊಂದು ವಿಧವಾಗಿ ಕೂಡುತ್ತದೆ. ಯಂತ್ರವು ಎಲ್ಲ ಹೆಸರಿಗೂ ‘ಗೆ’ ಎಂದಷ್ಟೇ ಅಂಟಿಸಿದರೆ ‘ಬಸವರಾಜಗೆ’ ಎಂಬ ಅಪಪ್ರಯೋಗ ಹುಟ್ಟುತ್ತದೆ. ಹೆಸರನ್ನು ಪ್ರಥಮಾ ವಿಭಕ್ತಿಯಲ್ಲಿಯೇ ಮೊದಲಿಗಿರಿಸಿ, “ಬಸವರಾಜ: ಇಂದು ಪಾತ್ರೆಯ ಸರದಿ” ಎಂಬ ನಾಮವಾಕ್ಯವನ್ನು ಬಳಸಿದರೆ ಎರಡು ತೊಡಕುಗಳೂ ಪರಿಹಾರವಾಗುತ್ತವೆ. ಕೆಲಸ ಮುಗಿದಾಗ “ಪಾತ್ರೆ ತೊಳೆದಾಯಿತು” ಎಂದರೆ ಲಿಂಗದ ಪ್ರಶ್ನೆಯೇ ಏಳದು.

ವ್ಯಾಕರಣಕ್ಕಿಂತ ಮಿಗಿಲಾದುದು ಔಚಿತ್ಯ. “ಪಾತ್ರೆ ತೊಳೆ” ಎಂಬುದು ಆಜ್ಞೆ. ಅದನ್ನು ಗೆಳೆಯನ ಬಾಯಿಂದ ಕೇಳಬಹುದು, ಯಂತ್ರದಿಂದ ಕೇಳಲಾಗದು. “ತೊಳೆಯಿರಿ” ಎಂಬುದರಲ್ಲಿ ಮರ್ಯಾದೆಯಿದ್ದರೂ ಓರಗೆಯವರ ನಡುವೆ ಅದು ದೂರವನ್ನು ತರುತ್ತದೆ. “ಬಸವರಾಜ ಇನ್ನೂ ತೊಳೆದಿಲ್ಲ” ಎಂದು ನಾಲ್ವರ ಫೋನಿಗೂ ತಿಳಿಸುವುದು ಚಾಡಿ. ತಪ್ಪಿದವನಿಗೆ ಮಾತ್ರ “ಪಾತ್ರೆಯ ಸರದಿ ಬಾಕಿಯಿದೆ, ಬದಲಿ ಬೇಕೆ?” ಎಂದು ಕೇಳುವ ವಾಕ್ಯದಲ್ಲಿ ನೆನಪೂ ಇದೆ, ಗೌರವವೂ ಇದೆ, ಪಾರಾಗುವ ದಾರಿಯೂ ಇದೆ. ಕೆಲಸಗಳ ಹೆಸರನ್ನು ಸಹವಾಸಿಗಳೇ ಬರೆದುಕೊಳ್ಳುವಂತಿರಬೇಕು. ಒಬ್ಬರು ಪಾತ್ರೆ ತೊಳೆಯುವುದೆನ್ನುತ್ತಾರೆ, ಮತ್ತೊಬ್ಬರು ಮುಸುರೆ ತಿಕ್ಕುವುದೆನ್ನುತ್ತಾರೆ, ಉತ್ತರ ಕರ್ನಾಟಕದವರು ಭಾಂಡೆ ತಿಕ್ಕುವುದೆನ್ನುತ್ತಾರೆ. ಸರದಿಯನ್ನು ಕೆಲವರು ಪಾಳಿಯೆನ್ನುತ್ತಾರೆ. ಮನೆಯ ಮಾತು ಪಟ್ಟಿಯಲ್ಲಿದ್ದರೆ ಪಟ್ಟಿಯು ತಮ್ಮದೆನಿಸುತ್ತದೆ.

ದಂಡ ಮತ್ತು ಸಾಕ್ಷ್ಯ

ಸರದಿ ತಪ್ಪಿದವರಿಗೆ ಹಣದ ದಂಡ ವಿಧಿಸಬೇಕೆಂಬ ಸಲಹೆ ಬರುವುದು ಖಂಡಿತ. ಇದನ್ನು ಒಪ್ಪುವ ಮುನ್ನ ಇಸ್ರೇಲಿನ ಹೈಫಾ ನಗರದ ಅನುಭವವನ್ನು ತಿಳಿಯುವುದು ಒಳಿತು. ಯೂರಿ ನೀಜಿ ಮತ್ತು ಆಲ್ಡೊ ರುಸ್ಟಿಕಿನಿ ಎಂಬ ಅರ್ಥಶಾಸ್ತ್ರಜ್ಞರು ಅಲ್ಲಿನ 10 ಶಿಶುವಿಹಾರಗಳನ್ನು ಪರಿಶೀಲಿಸಿ 2000ದಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ತಂದೆತಾಯಿಗಳಿಗೆ 6 ಶಿಶುವಿಹಾರಗಳಲ್ಲಿ ದಂಡ ವಿಧಿಸಲಾಯಿತು. ತಡವಾಗಿ ಬರುವವರು ಕಡಿಮೆಯಾಗಲಿಲ್ಲ, ಹೆಚ್ಚಾದರು. ದಂಡವನ್ನು ತೆಗೆದುಹಾಕಿದ ಮೇಲೂ ಆ ಹೆಚ್ಚಳ ಇಳಿಯಲಿಲ್ಲ. ದಂಡವು ಬೆಲೆಯಾಗಿ ಪರಿಣಮಿಸಿತು. ಬೆಲೆ ಕೊಟ್ಟವರಿಗೆ ಸಂಕೋಚ ಉಳಿಯಲಿಲ್ಲ. ಸಿರಿವಂತನ ಮಗನು ದಂಡ ತೆತ್ತು ಕುಳಿತು, ಬಡವನ ಮಗನು ಅವನ ಪಾತ್ರೆಯನ್ನೂ ತೊಳೆಯುವಂತಾದರೆ, ಸಹವಾಸಿಗಳು ಗೆಳೆಯರಾಗಿ ಉಳಿಯದೆ ಯಜಮಾನ ಮತ್ತು ಆಳುಗಳಾಗುತ್ತಾರೆ. ಶ್ರಮದ ಋಣವನ್ನು ಶ್ರಮದಿಂದಲೇ ತೀರಿಸಬೇಕೆಂಬ ನಿಯಮವನ್ನು ತಂತ್ರಾಂಶದಲ್ಲಿ ಆರಂಭದಿಂದಲೇ ಅಳವಡಿಸಬೇಕು.

ಕೆಲಸ ಮಾಡಿದುದಕ್ಕೆ ಛಾಯಾಚಿತ್ರದ ಸಾಕ್ಷ್ಯವನ್ನು ಕೇಳುವುದೂ ಸಲ್ಲದು. ಮಾಡಿದೆನೆಂಬ ಗೆಳೆಯನ ಮಾತನ್ನು ನಂಬಲಾಗದ ಮನೆಯನ್ನು ಯಾವ ತಂತ್ರಾಂಶವೂ ಸರಿಪಡಿಸಲಾರದು. ಫೋನಿನಲ್ಲಿರುವ ವಿಳಾಸಪಟ್ಟಿ, ಚಿತ್ರಗಳು, ಇರುವ ಸ್ಥಳ ಇವು ಯಾವುವೂ ಈ ಕಾರ್ಯಕ್ಕೆ ಬೇಕಿಲ್ಲ. ಬೇಡವಾದುದನ್ನು ಸಂಗ್ರಹಿಸದಿರುವುದೇ 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾನೂನಿನ ಆಶಯಕ್ಕೂ ಅನುಗುಣವಾದುದು. ನಾಲ್ಕು ಹೆಸರು, ಕೆಲಸಗಳ ಪಟ್ಟಿ, ಸರದಿಯ ದಿನಚರಿ. ಇಷ್ಟನ್ನೇ ಇಟ್ಟುಕೊಳ್ಳುವ ತಂತ್ರಾಂಶವು ಅಗ್ಗದ ಫೋನಿನಲ್ಲಿಯೂ ನಡೆಯುತ್ತದೆ.

ಪಾಠವಾಗಿ

ಈ ವಿಷಯವು ಉಪಾಧ್ಯಾಯರ ಗಮನಕ್ಕೆ ಅರ್ಹವಾದುದೇಕೆಂಬುದನ್ನು ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ ಸಮೀಕ್ಷೆಗಳು ತಿಳಿಸುತ್ತವೆ. 2019ರ ಸಮಯ ಬಳಕೆಯ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸವನ್ನು ದಿನವೊಂದರಲ್ಲಿ ಮಾಡಿದವರು ಆರು ವರ್ಷ ಮೀರಿದ ಹೆಂಗಸರಲ್ಲಿ ನೂರಕ್ಕೆ 81.2ರಷ್ಟು, ಗಂಡಸರಲ್ಲಿ 26.1ರಷ್ಟು ಮಾತ್ರ. 2024ರ ಸಮೀಕ್ಷೆಯಲ್ಲಿ ಇಂಥ ಕೆಲಸ ಮಾಡಿದ ಹೆಂಗಸರು ದಿನಕ್ಕೆ 289 ನಿಮಿಷಗಳನ್ನೂ ಗಂಡಸರು 88 ನಿಮಿಷಗಳನ್ನೂ ಅದಕ್ಕೆ ವ್ಯಯಿಸಿದ್ದರು. ಊರಿನ ಮನೆಯಲ್ಲಿ ಲೋಟವನ್ನೂ ತೊಳೆಯದೆ ಬೆಳೆದ ಹುಡುಗನು ನಗರದ ಬಾಡಿಗೆ ಮನೆಯಲ್ಲಿ ಮೊದಲ ಬಾರಿಗೆ ಈ ಶ್ರಮವನ್ನು ಕಾಣುತ್ತಾನೆ. ಪಟ್ಟಿಯಲ್ಲಿ 56 ತೂಕವೆಂದು ಬರೆದುದನ್ನು ನೋಡಿದಾಗ, ಅಷ್ಟನ್ನೂ ಅದಕ್ಕಿಂತ ಹೆಚ್ಚನ್ನೂ ಒಬ್ಬಳೇ ತಾಯಿ ದಿನನಿತ್ಯ ಹೊತ್ತಿದ್ದಳೆಂಬ ಅರಿವು ಅವನಿಗೆ ಮೂಡಿದರೆ ತಂತ್ರಾಂಶದ ಶ್ರಮ ಸಾರ್ಥಕ.

ಆದುದರಿಂದ ಮೇಲಿನ ತರಗತಿಗಳ ವಿದ್ಯಾರ್ಥಿಗಳಿಗೆ ಇದನ್ನು ಅಭ್ಯಾಸವಾಗಿ ಕೊಡಬಹುದು. ಯಂತ್ರವನ್ನು ಮುಟ್ಟುವ ಮುನ್ನ ಎರಡು ವಾರ ಕಾಗದದ ಮೇಲೆ ತಮ್ಮ ಮನೆಯ ಕೆಲಸಗಳ ಪಟ್ಟಿಯನ್ನು ಮಾಡಲಿ. ಯಾರು ಏನನ್ನು ಮಾಡುತ್ತಾರೆಂದು ಬರೆಯಲಿ. ಕಾಣದ ಕೆಲಸಗಳನ್ನು ಹುಡುಕಿ ಸೇರಿಸಲಿ. ತಮ್ಮ ಪಾಲಿಗೆ ಒಂದನ್ನಾದರೂ ತೆಗೆದುಕೊಳ್ಳಲಿ. ಗಣಿತದ ಉಪಾಧ್ಯಾಯರು ತೂಕವನ್ನೂ, ಕನ್ನಡದ ಉಪಾಧ್ಯಾಯರು ಸೂಚನೆಯ ವಾಕ್ಯಗಳನ್ನೂ ತಿದ್ದಿಕೊಡಲಿ. ನಗರಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳಲ್ಲಿ ತಂತ್ರಾಂಶವನ್ನು ಬಲ್ಲವರು ಅದಕ್ಕೆ ರೂಪ ಕೊಡಲು ನೆರವಾಗಬಹುದು. ನಾಲ್ಕಾರು ತಿಂಗಳು ಬಳಸಿದ ಮೇಲೆ ಸರದಿಯು ಸಹವಾಸಿಗಳಿಗೆ ರೂಢಿಯಾಗಿ, ಫೋನನ್ನು ನೋಡದೆಯೇ ಎದ್ದು ಪಾತ್ರೆಗೆ ಕೈಹಾಕುವಂತಾದರೆ, ಅಂಥ ತಂತ್ರಾಂಶವು ತನ್ನ ಕಾರ್ಯವನ್ನು ಚೆನ್ನಾಗಿ ನೆರವೇರಿಸಿತೆಂದೇ ತಿಳಿಯತಕ್ಕದ್ದು.