ಗೋಡೆಯಾಚೆಯ ಸದ್ದು



ಮಡಿವಾಳದ ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುತ್ತಾರೆ. ಬೆಳಗಿನ ಜಾವ ಮೂರು ಗಂಟೆಗೆ ಏಳಬೇಕು. ಒಂದು ವಾರ ಅವರು ಪುಸ್ತಕದ ಮೇಲೇ ತೂಕಡಿಸಿದರು.

"ಏನಕ್ಕಾ, ಹುಷಾರಿಲ್ವಾ?" ಎಂದು ಕೇಳಿದೆವು.

"ನಿದ್ದೆ ಇಲ್ಲ. ಪಕ್ಕದ ಮನೆ ಹುಡುಗ ಹೊಸ ಸ್ಪೀಕರ್ ತಂದಿದ್ದಾನೆ. ರಾತ್ರಿ ಹನ್ನೆರಡಾದ್ರೂ ಧಡ್ ಧಡ್ ಅನ್ನುತ್ತೆ. ನಮ್ಮನೆ ಪಾತ್ರೆಯೆಲ್ಲಾ ಅದುರುತ್ತೆ" ಅಂದರು.

ಅವರದು ವಠಾರದ ಮನೆ. ಎರಡು ಮನೆಗೂ ಒಂದೇ ಗೋಡೆ. ಒಂದು ರಾತ್ರಿ ತಡೆಯಲಾರದೆ ಗೋಡೆ ಗುದ್ದಿ ಬೈದರಂತೆ. ಸದ್ದು ಇನ್ನೂ ಜಾಸ್ತಿ ಆಯಿತು. "ನಲ್ಲಿ ಹತ್ರ ದಿನಾ ಮುಖ ನೋಡ್ಬೇಕು, ಸುಮ್ನಿರು" ಅಂದರು ಗಂಡ.

ಅವತ್ತು ಪಾಠ ಬಿಟ್ಟು ಇದನ್ನೇ ಮಾತಾಡಿದೆವು. ಮೊದಲು ಹೋಗಿ ಕೇಳುವುದು ಎಂದಾಯಿತು. ಆದರೆ ಮಧ್ಯರಾತ್ರಿ ಬೇಡ, ಕೋಪದಲ್ಲಿ ಬೇಡ.

ಮರುದಿನ ಸಂಜೆ ಅಕ್ಕ ಹೋದರು. ಹುಡುಗನ ತಾಯಿ ಇದ್ದರು.

"ಅಕ್ಕಾ, ನಾನು ಮೂರಕ್ಕೆ ಏಳ್ಬೇಕು. ಹತ್ತರ ಮೇಲೆ ಸ್ವಲ್ಪ ಸಣ್ಣಗೆ ಇಡೋಕೆ ಹೇಳ್ತೀರಾ?"

"ನನಗೂ ನಿದ್ದೆ ಇಲ್ಲ ಕಣಮ್ಮಾ. ನನ್ನ ಮಾತು ಕೇಳಲ್ಲ. ನೀನೇ ಹೇಳಿ ನೋಡು."

ಅಕ್ಕ ಹುಡುಗನನ್ನು ತಮ್ಮ ಮನೆಗೇ ಕರೆದರು. ಅಲ್ಲಿ ಹಾಡು ಹಾಕಿಸಿ, ಇಲ್ಲಿ ಗೋಡೆಗೆ ಅವನ ಕೈ ಇಡಿಸಿದರು. "ಇಷ್ಟು ಕೇಳುತ್ತಾ ಆಂಟಿ?" ಎಂದು ಅವನೇ ಬೆರಗಾದ. ಸ್ಪೀಕರ್ ಗೋಡೆಗೆ ತಾಗಿತ್ತು. ಧಡ್ ಧಡ್ ಸದ್ದು ಗೋಡೆಯನ್ನೇ ಅದುರಿಸಿ ಆಚೆ ಬರುತ್ತದೆ. ಅದನ್ನು ಎದುರು ಮೂಲೆಗೆ ಸರಿಸಿ, ಕೆಳಗೆ ಗೋಣಿಚೀಲ ಮಡಿಸಿ ಇಟ್ಟರು. ಅರ್ಧ ಸದ್ದು ಇಳಿಯಿತು.

ಎರಡು ವಾರ ಚೆನ್ನಾಗಿತ್ತು. ಒಂದು ಶನಿವಾರ ಸ್ನೇಹಿತರು ಬಂದರು. ರಾತ್ರಿ ಒಂದರವರೆಗೆ ಮತ್ತೆ ಅದೇ ಗಲಾಟೆ.

ಇದಕ್ಕೆ ಕಾನೂನು ಇದೆ. ಶಬ್ದ ಮಾಲಿನ್ಯ ನಿಯಮಗಳು 2000ನೇ ಇಸವಿಯಲ್ಲಿ ಬಂದವು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಮೈಕು, ಸ್ಪೀಕರ್ ಹಾಕುವಂತಿಲ್ಲ. ಕೆಲವು ಹಬ್ಬದ ದಿನ ಮಾತ್ರ ಸರ್ಕಾರ 12ರವರೆಗೆ ಬಿಡಬಹುದು. ಅದೂ ವರ್ಷಕ್ಕೆ 15 ದಿನ ಮೀರಬಾರದು. ಮನೆಯೊಳಗಿನ ಸದ್ದಿಗೂ ಮಿತಿ ಇದೆ. ಸದ್ದು ಅಳೆಯುವ ಲೆಕ್ಕಕ್ಕೆ ಡೆಸಿಬಲ್ ಎನ್ನುತ್ತಾರೆ. ಜನ ವಾಸಿಸುವ ಕಡೆ ಹಗಲು 55, ರಾತ್ರಿ 45 ಡೆಸಿಬಲ್. ನಾವು ಸಾಮಾನ್ಯವಾಗಿ ಮಾತಾಡುವುದೇ ಸುಮಾರು 60 ಇರುತ್ತದೆ!

ಇದೇನು ಸಣ್ಣ ವಿಷಯ ಅನ್ನಬೇಡಿ. 1998ರಲ್ಲಿ 13 ವರ್ಷದ ಹುಡುಗಿಯ ಮೇಲೆ ಅತ್ಯಾಚಾರ ನಡೆಯಿತು. ಅವಳು ಕೂಗಿದಳು. ಧ್ವನಿವರ್ಧಕದ ಹಾಡಿನಲ್ಲಿ ಆ ಕೂಗು ಯಾರಿಗೂ ಕೇಳಲಿಲ್ಲ. ಆಮೇಲೆ ಆ ಮಗು ಬೆಂಕಿ ಹಚ್ಚಿಕೊಂಡು ಸತ್ತಿತು. ಅದನ್ನು ಪತ್ರಿಕೆಯಲ್ಲಿ ಓದಿದ ಒಬ್ಬ ಇಂಜಿನಿಯರ್ ಸುಪ್ರೀಂ ಕೋರ್ಟಿಗೆ ಹೋದರು. 2005ರ ಜುಲೈ 18ರಂದು ತೀರ್ಪು ಬಂತು. ನೆಮ್ಮದಿಯಿಂದ ಬದುಕುವುದು ನಮ್ಮ ಹಕ್ಕು, ಬಲವಂತದ ಸದ್ದು ಕೇಳಿಸಿಕೊಳ್ಳಬೇಕಾಗಿಲ್ಲ ಎಂದು ಕೋರ್ಟು ಹೇಳಿತು.

ಸೊಪ್ಪಿನ ಅಕ್ಕ ತಾವೇ ಅರ್ಜಿ ಬರೆದರು. ಮೂರು ದಿನ ಹಿಡಿಯಿತು.

ಪೊಲೀಸ್ ಇನ್ಸ್‌ಪೆಕ್ಟರ್ ಅವರಿಗೆ,
ನಮ್ಮ ಪಕ್ಕದ ಮನೆಯಲ್ಲಿ ರಾತ್ರಿ 10ರ ನಂತರ ಜೋರಾಗಿ ಸ್ಪೀಕರ್ ಹಾಕುತ್ತಾರೆ. ಕೇಳಿಕೊಂಡರೂ ನಿಲ್ಲಿಸಿಲ್ಲ. ನಾನು 3 ಗಂಟೆಗೆ ಕೆಲಸಕ್ಕೆ ಏಳಬೇಕು. ದಯವಿಟ್ಟು ಕ್ರಮ ತೆಗೆದುಕೊಳ್ಳಿ.

ಕೆಳಗೆ ವಿಳಾಸ, ತಾರೀಖು, ಸಹಿ. ಹೆಬ್ಬೆಟ್ಟಲ್ಲ, ಸಹಿ.

ಅರ್ಜಿ ಎರಡು ಪ್ರತಿ ಬರೆಯಿರಿ. ಒಂದು ಕೊಟ್ಟು, ಇನ್ನೊಂದರ ಮೇಲೆ ಠಾಣೆಯ ಮೊಹರು ಹಾಕಿಸಿಕೊಳ್ಳಿ. ಕುಡಿದ ಗುಂಪು ಇದ್ದರೆ ಒಬ್ಬರೇ ಹೋಗಿ ಕೇಳಬೇಡಿ, 112ಕ್ಕೆ ಫೋನ್ ಮಾಡಿ.

ಠಾಣೆಗೆ ಹೋಗುವ ಮೊದಲು ಅಕ್ಕ ಅರ್ಜಿಯನ್ನು ಪಕ್ಕದ ಮನೆಯಲ್ಲಿ ಓದಿ ಹೇಳಿದರು. ತಡವರಿಸುತ್ತಲೇ ಓದಿದರು. "ಕೊಡ್ಬೇಡಿ ಆಂಟಿ" ಅಂದ ಹುಡುಗ. ಈಗ ಹತ್ತಕ್ಕೆ ಹಾಡು ನಿಲ್ಲುತ್ತದೆ. ಒಮ್ಮೊಮ್ಮೆ ಹತ್ತೂವರೆ ಆಗುತ್ತದೆ. ಅಷ್ಟಕ್ಕೆ ಅಕ್ಕ ಸುಮ್ಮನಿರುತ್ತಾರೆ. ಅರ್ಜಿಯನ್ನು ಮಾತ್ರ ಹರಿದಿಲ್ಲ.

ಮಾತಾಡಿ: ನಿಮ್ಮ ಬೀದಿಯಲ್ಲಿ ಯಾವ ಸದ್ದು ಕಾಡುತ್ತದೆ? ನಿಮ್ಮ ಮನೆಯ ಸದ್ದು ಯಾರಿಗೆ ಕೇಳುತ್ತದೆ?

ಬರೆಯಿರಿ: ನಿಮ್ಮ ಹೆಸರು, ವಿಳಾಸ, ತಾರೀಖು ಹಾಕಿ ಮೇಲಿನಂತೆ ಒಂದು ಅರ್ಜಿ.