ಕಡಲ ದಂಡೆಗೆ ಹೊರಟ ಕಿರಿಯ ವೈದ್ಯೆಗೆ



ವೈದ್ಯಪದವಿ ಕೈಸೇರಿದೊಡನೆಯೇ ಬಾಂಗ್ಲಾದೇಶದ ಚಂಡಮಾರುತಪೀಡಿತ ಕರಾವಳಿಗೆ ಹೋಗಿ ಶಿಶುಗಳ ಆರೈಕೆಯಲ್ಲಿ ತೊಡಗಬೇಕೆಂಬ ನಿನ್ನ ಸಂಕಲ್ಪ ಶ್ಲಾಘ್ಯವಾದುದು. ಆದರೆ ಪೆಟ್ಟಿಗೆ ಕಟ್ಟುವ ಮುನ್ನ ಆ ನಾಡಿನವರು ತಾವೇ ಪಾಡುಪಟ್ಟು ಕಲಿತ ಪಾಠವನ್ನು ಮನಸ್ಸಿಟ್ಟು ತಿಳಿದುಕೊ.

1970ರ ನವೆಂಬರಿನ ಭೋಲಾ ಚಂಡಮಾರುತವು ಲಕ್ಷಾಂತರ ಜೀವಗಳನ್ನು ಆಹುತಿ ತೆಗೆದುಕೊಂಡ ಗಾಯ ಮಾಯುವ ಮೊದಲೇ ಬಾಂಗ್ಲಾ ವಿಮೋಚನೆಯ ಯುದ್ಧವು ಬಂದೊದಗಿ, ಮರುವರ್ಷ ಸುಮಾರು ಒಂದು ಕೋಟಿ ಜನ ಗಡಿ ದಾಟಿ ನಮ್ಮ ದೇಶವನ್ನು ಆಶ್ರಯಿಸಿದರು. ಗಡಿಯ ಬಳಿಯ ಬನಗಾಂವಿನ ಆಸ್ಪತ್ರೆಯಲ್ಲಿ ಕಾಲರಾ ರೋಗಿಗಳು ನೆಲದ ಮೇಲೆಯೇ ಬಿದ್ದುಕೊಂಡಿರಲು, ರಕ್ತನಾಳಕ್ಕೆ ಏರಿಸುವ ಸಲೈನು ತೀರುತ್ತ ಬಂದುದನ್ನು ಕಂಡ ಡಾ. ದಿಲೀಪ್ ಮಹಾಲನಬಿಸರು ಉಪ್ಪು, ಗ್ಲೂಕೋಸು, ಅಡುಗೆ ಸೋಡಾಗಳನ್ನು ಅಳತೆಯರಿತು ಬೆರೆಸಿ, ಪೀಪಾಯಿಗಳಲ್ಲಿ ಕದಡಿ, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ನೂರಕ್ಕೆ 30ರ ಆಸುಪಾಸಿನಲ್ಲಿದ್ದ ಮರಣಪ್ರಮಾಣವು ನಾಲ್ಕಕ್ಕಿಂತಲೂ ಕೆಳಗಿಳಿಯಿತು. ಭೇದಿಯ ನಡುವೆಯೂ ಕರುಳು ಸಕ್ಕರೆಯನ್ನು ಹೀರಬಲ್ಲುದು. ಸಕ್ಕರೆಯೊಡನೆ ಉಪ್ಪೂ, ಉಪ್ಪಿನ ಹಿಂದೆ ನೀರೂ ಒಳಸೇರುವುವು. ಇದು ನಿನಗೆ ಗೊತ್ತೇ ಇದೆ.

ಗೊತ್ತಿರಬೇಕಾದುದು ಇದರ ಮುಂದಿನದು. ಬಾಂಗ್ಲಾದೇಶದ ಬ್ರಾಕ್ ಎಂಬ ಸೇವಾಸಂಸ್ಥೆಯ ಹೆಣ್ಣುಮಕ್ಕಳು 1980ರಿಂದ ಮನೆಮನೆಗೆ ನಡೆದು, ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು ಎಂದು ತಾಯಂದಿರಿಗೆ ಕಲಿಸಿದರು. ಕೇಳಿದವರೆಲ್ಲ ತಲೆಯಾಡಿಸಿದರು, ಮಾಡಿ ಕುಡಿಸಿದವರು ಮೊದಮೊದಲು ಬಹಳ ಕಡಮೆ. ವಿಚಾರಿಸಲಾಗಿ, ಕಲಿಸುವವರಲ್ಲಿಯೇ ಹಲವರಿಗೆ ಆ ಬೆಲ್ಲದ ನೀರಿನಲ್ಲಿ ನಂಬಿಕೆಯಿರಲಿಲ್ಲವೆಂದು ತಿಳಿದುಬಂದಿತು! ನಂಬದವರ ಬೋಧನೆಯನ್ನು ಯಾವ ತಾಯಿ ತಾನೇ ನಂಬಿಯಾಳು? ಆ ಸಂಸ್ಥೆಯಲ್ಲಿ ಕಲಿಸುವವಳ ಸಂಬಳವು ಎಷ್ಟು ಮನೆ ಸುತ್ತಿದಳೆಂಬುದನ್ನಲ್ಲದೆ, ಕೆಲ ದಿನಗಳ ಮೇಲೆ ಪರೀಕ್ಷಕರು ಬಂದು ಕೇಳಿದಾಗ ತಾಯಂದಿರಿಗೆ ಎಷ್ಟು ನೆನಪುಳಿದಿತ್ತೆಂಬುದನ್ನೂ ಅವಲಂಬಿಸಿತ್ತು. ಹತ್ತು ವರ್ಷಗಳಲ್ಲಿ ಒಂದು ಕೋಟಿಗೂ ಮಿಕ್ಕಿದ ಮನೆಗಳನ್ನು ಅವರು ಮುಟ್ಟಿದರು. ನಮ್ಮ ಕಾಲೇಜುಗಳಲ್ಲಿ ಉಪನ್ಯಾಸಕರ ಸಂಬಳವನ್ನೂ ಹೀಗೆಯೇ ಗೊತ್ತುಮಾಡಿದರೆ ಎಂದು ಒಮ್ಮೊಮ್ಮೆ ಯೋಚಿಸಿ ನಕ್ಕಿದ್ದೇನೆ.

ಭೇದಿಯಾದ ಕೂಸಿಗೆ ನೀರು ಕೊಡಬಾರದು, ಮೊಲೆಹಾಲು ನಿಲ್ಲಿಸಬೇಕು ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿಯೂ ಉಂಟು. ಅದನ್ನು ಹಾಸ್ಯಮಾಡಿ ಗೆಲ್ಲಲಾಗದು. ತಾಯಿಯ ಅಡುಗೆಮನೆಯಲ್ಲಿ ಕುಳಿತು, ಅವಳದೇ ಪಾತ್ರೆಯ ಮೇಲೆ ಅರ್ಧ ಸೇರಿನ ಗೆರೆ ಎಳೆದುಕೊಡು; ಅವಳ ಬೆರಳೇ ಉಪ್ಪು ಹಿಡಿಯಲಿ. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯವಾದುದರಿಂದ ನೀನು ಮೊದಲು ರುಚಿ ನೋಡಿ, ಬಳಿಕ ಅವಳಿಂದಲೂ ನೋಡಿಸು. ಪರಿಹಾರದ ಲಾರಿಗಳು ಹಿಂತಿರುಗಿದ ಮೇಲೆ ನಡೆಯಬೇಕಾದ ಕೆಲಸವಿದು. ಪತ್ರಿಕೆಯ ಛಾಯಾಗ್ರಾಹಕರು ಆಗ ಅಲ್ಲಿರುವುದಿಲ್ಲ.

ತಾಯಂದಿರ ಮಾತು ತಿಳಿಯದೆ ಇದಾವುದೂ ಸಾಗದು. ಆದುದರಿಂದ ಮೊದಲು ಬಂಗಾಳಿಯನ್ನು ಕಲಿ. ಅದಕ್ಕಾಗಿ ಪ್ರಯಾಣವು ಆರು ತಿಂಗಳು ತಡವಾದರೂ ಚಿಂತೆಯಿಲ್ಲ.

ಇಂತಿ ನಿನ್ನ ಹಿತೈಷಿ.