ಮುಕ್ತ ಕಡತಕ್ಕೆ ಕನ್ನಡ ಬರಹ: ಒಂದು ಸ್ಥಳಾಂತರದ ಪಾಠಗಳು

ಗಣಕದಲ್ಲಿ ಬರೆದಿಟ್ಟದ್ದು ಉಳಿದಿದೆ ಎನ್ನಲು ಕಡತ ಅಳಿಯದೆ ಇದ್ದರೆ ಸಾಲದು. ಬರೆದ ತಂತ್ರಾಂಶ ಮರೆಯಾದ ಮೇಲೂ ಬೇರೊಂದು ತಂತ್ರಾಂಶ ಅದನ್ನು ತೆರೆದು ಅದೇ ಅಕ್ಷರಗಳನ್ನು ಅದೇ ಕ್ರಮದಲ್ಲಿ ತೋರಿಸುವಂತಿರಬೇಕು. ಕಡತದೊಳಗೆ ಮಾಹಿತಿ ಹೇಗೆ ಜೋಡಣೆಯಾಗಿದೆ ಎಂಬ ವಿವರ ಬಹಿರಂಗವಾಗಿ ಪ್ರಕಟವಾಗಿದ್ದು, ಅದನ್ನು ಓದಿ ಬರೆಯುವ ತಂತ್ರಾಂಶವನ್ನು ಯಾರು ಬೇಕಾದರೂ ರಚಿಸಬಹುದಾದರೆ ಅದನ್ನು ಮುಕ್ತ ಕಡತರೂಪ ಎನ್ನುತ್ತಾರೆ. ಕನ್ನಡದ ಮಟ್ಟಿಗೆ ಈ ವಿಷಯಕ್ಕೆ ಇನ್ನೊಂದು ಪದರವಿದೆ: ಕಡತ ಮುಕ್ತವಾಗಿದ್ದರೂ ಅದರೊಳಗಿನ ಅಕ್ಷರ ಒಂದೇ ಫಾಂಟಿಗೆ ಕಟ್ಟುಬಿದ್ದಿರಬಹುದು. ಎರಡು ದಶಕಗಳ ಸ್ವಂತ ಬರಹಗಳನ್ನು ಹಳೆಯ ಕಡತಗಳಿಂದ ಮುಕ್ತ ರೂಪಗಳಿಗೆ ಸಾಗಿಸಿದ ಲೇಖಕಿಯೊಬ್ಬರ ಅನುಭವದಿಂದ ದೊರೆತ ಪಾಠಗಳನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

1998ರಲ್ಲಿ ಬಂದ ‘ಬರಹ’ ಮತ್ತು ಅನಂತರ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ತಂತ್ರಾಂಶಗಳು ಕನ್ನಡದ ಬರವಣಿಗೆಯನ್ನು ಗಣಕಕ್ಕೆ ತಂದ ಉಪಕಾರ ದೊಡ್ಡದು. ಆದರೆ ಕನ್ನಡಕ್ಕೆಂದೇ ಮೀಸಲಾದ ಸಂಕೇತಗಳು ಆಗಿನ್ನೂ ಮನೆಯ ಗಣಕಗಳಲ್ಲಿ ಬಳಕೆಗೆ ಬಂದಿರಲಿಲ್ಲವಾದ್ದರಿಂದ, ರೋಮನ್ ಲಿಪಿಯ ಸಂಕೇತಗಳ ಜಾಗದಲ್ಲಿಯೇ ಕನ್ನಡ ಅಕ್ಷರಗಳ ತುಣುಕುಗಳನ್ನು ಕೂರಿಸಿ ಫಾಂಟುಗಳನ್ನು ಸಿದ್ಧಪಡಿಸಲಾಗಿತ್ತು. ಅಕ್ಷರದ ಮೈ ಒಂದು ಸಂಕೇತ, ತಲೆಕಟ್ಟು ಇನ್ನೊಂದು, ಒತ್ತು ಮತ್ತೊಂದು. ಹೀಗಾಗಿ ‘ಕನ್ನಡ’ ಎಂಬ ಮೂರಕ್ಷರದ ಪದಕ್ಕೆ ನುಡಿಯ ಹಳೆಯ ಫಾಂಟಿನಲ್ಲಿ 7 ಸಂಕೇತಗಳು ಬೇಕಾಗುತ್ತವೆ. ಆ ಫಾಂಟ್ ಇಲ್ಲದ ಗಣಕದಲ್ಲಿ ಅದೇ ಪದ ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲಾಗಿ ಕಾಣುತ್ತದೆ. ಜಗತ್ತಿನ ಲಿಪಿಗಳಿಗೆಲ್ಲ ಬೇರೆಬೇರೆ ಸಂಕೇತಗಳನ್ನು ಗೊತ್ತುಪಡಿಸುವ ಯೂನಿಕೋಡ್ ಶಿಷ್ಟತೆಯ ಮೊದಲ ಆವೃತ್ತಿ 1991ರಲ್ಲಿ ಪ್ರಕಟವಾಗಿದ್ದು, ಅದರಲ್ಲಿ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ವಿಭಾಗವಿದೆ. ಅಲ್ಲಿ ಅದೇ ಪದ ಕ, ನ, ಹಲಂತ ಚಿಹ್ನೆ, ನ, ಡ ಎಂಬ 5 ಸಂಕೇತಗಳಾಗಿ, ಉಚ್ಚಾರಣೆಯ ಕ್ರಮದಲ್ಲಿ ದಾಖಲಾಗುತ್ತದೆ. ಹಳೆಯ ಪದ್ಧತಿ ಅಕ್ಷರದ ಆಕಾರವನ್ನು ಉಳಿಸಿತ್ತು, ಯೂನಿಕೋಡ್ ಅಕ್ಷರವನ್ನೇ ಉಳಿಸುತ್ತದೆ.

ಈ ವ್ಯತ್ಯಾಸವನ್ನು ಗಮನಿಸದೆ ಇದ್ದುದೇ ಲೇಖಕಿಯ ಮೊದಲ ತಪ್ಪು. 2006ರಲ್ಲಿ ಅಂತರರಾಷ್ಟ್ರೀಯ ಶಿಷ್ಟತೆಯ ಮನ್ನಣೆ ಪಡೆದ ಓಪನ್ ಡಾಕ್ಯುಮೆಂಟ್ ರೂಪಕ್ಕೆ ಎಲ್ಲ ಕಡತಗಳನ್ನೂ ಬದಲಾಯಿಸಿ ಕೆಲಸ ಮುಗಿಯಿತೆಂದು ಅವರು ಭಾವಿಸಿದ್ದರು. ಬೇರೊಂದು ಗಣಕದಲ್ಲಿ ತೆರೆದಾಗ ಕಡತ ತೆರೆಯಿತು, ಕನ್ನಡ ಮಾತ್ರ ಇರಲಿಲ್ಲ. ಅಕ್ಷರದ ಪರಿವರ್ತನೆ ಮೊದಲು, ಕಡತದ ಪರಿವರ್ತನೆ ಆಮೇಲೆ ಎಂಬುದು ಆಗ ಮನದಟ್ಟಾಯಿತು.

ಅಕ್ಷರ ಪರಿವರ್ತಕ ತಂತ್ರಾಂಶಗಳು ಎಡವುವ ಜಾಗಗಳು ಬಹುಮಟ್ಟಿಗೆ ಗೊತ್ತಿರುವಂಥವೇ. ಅರ್ಕಾವೊತ್ತು ಕಣ್ಣಿಗೆ ಅಕ್ಷರದ ನಂತರ ಕಂಡರೂ ಯೂನಿಕೋಡಿನಲ್ಲಿ ರಕಾರವೇ ಮೊದಲು ಬರಬೇಕು. ಪರಿವರ್ತಕ ಅದನ್ನು ಹಿಂದಕ್ಕೆ ಸರಿಸದಿದ್ದರೆ ‘ಕರ್ನಾಟಕ’ ಹೋಗಿ ‘ಕನಾರ್ಟಕ’ವಾಗುತ್ತದೆ. ‘ರ‍್ಯಾಂಕ್’ ಎಂಬಲ್ಲಿ ರಕಾರ ಪೂರ್ಣವಾಗಿ ಕಾಣಲು ಕಣ್ಣಿಗೆ ಕಾಣದ ಜೋಡಣೆ ಸಂಕೇತವೊಂದು ನಡುವೆ ಇರಬೇಕಾಗಿದ್ದು, ಅದು ಬಿಟ್ಟುಹೋದರೆ ಪದದ ರೂಪವೇ ಬದಲಾಗುತ್ತದೆ. ಅನುಸ್ವಾರದ ಸೊನ್ನೆಯ ಜಾಗದಲ್ಲಿ ಕನ್ನಡದ ಅಂಕಿ ಸೊನ್ನೆ ಸೇರಿಕೊಂಡಿದ್ದರೆ ಓದುವವರಿಗೆ ಭೇದ ತಿಳಿಯುವುದಿಲ್ಲ, ಆದರೆ ಹುಡುಕಿದಾಗ ಆ ಪದ ಸಿಗುವುದಿಲ್ಲ. ಕನ್ನಡದ ನಡುವೆ ಬರುವ ಇಂಗ್ಲಿಷ್ ಪದಗಳ ಪಾಡು ಇನ್ನೂ ಕಷ್ಟದ್ದು: ಎರಡಕ್ಕೂ ಸಂಕೇತಗಳು ಒಂದೇ ಆದ್ದರಿಂದ, ಯಾವ ಭಾಗ ಯಾವ ಫಾಂಟಿನಲ್ಲಿದೆ ಎಂಬ ಮಾಹಿತಿಯನ್ನು ಕಳಚಿ ಬರಿಯ ಪಠ್ಯವನ್ನಷ್ಟೇ ಪರಿವರ್ತಕಕ್ಕೆ ಕೊಟ್ಟರೆ ಇಂಗ್ಲಿಷ್ ಪದಗಳೂ ಕನ್ನಡದ ಚೂರುಗಳಾಗಿಬಿಡುತ್ತವೆ. ಆದುದರಿಂದ ಫಾಂಟಿನ ಮಾಹಿತಿ ಇರುವಾಗಲೇ, ಕನ್ನಡ ಫಾಂಟಿನ ಭಾಗಗಳನ್ನಷ್ಟೇ ಪರಿವರ್ತಿಸುವುದು ಸರಿಯಾದ ಕ್ರಮ.

ಯಾವ ರೂಪದಲ್ಲಿ ಉಳಿಸಬೇಕು ಎಂಬುದಕ್ಕೆ ಉತ್ತರ ಬರಹದ ಸ್ವಭಾವದಲ್ಲಿದೆ. ಗದ್ಯಕ್ಕೆ ಯುಟಿಎಫ್-8 ಸಂಕೇತಕ್ರಮದ ಸರಳ ಪಠ್ಯವೇ ಎಲ್ಲಕ್ಕಿಂತ ಗಟ್ಟಿ. ಶೀರ್ಷಿಕೆ, ದಪ್ಪ ಅಕ್ಷರಗಳನ್ನು ಸಾಮಾನ್ಯ ಚಿಹ್ನೆಗಳಿಂದಲೇ ಗುರುತಿಸುವ, 2004ರಲ್ಲಿ ರೂಪುಗೊಂಡ ಮಾರ್ಕ್‌ಡೌನ್ ಪದ್ಧತಿಯನ್ನು ಅದಕ್ಕೆ ಬಳಸಬಹುದು. ಕೋಷ್ಟಕ, ಅಡಿಟಿಪ್ಪಣಿಗಳಿರುವ ಲೇಖನಗಳಿಗೆ ಓಪನ್ ಡಾಕ್ಯುಮೆಂಟ್, ಪುಸ್ತಕವಾಗಿ ಓದಬೇಕಾದವಕ್ಕೆ ಇಪಬ್ ಒಗ್ಗುತ್ತವೆ. ಪಿಡಿಎಫ್ ಕೂಡ 2008ರಿಂದ ಅಂತರರಾಷ್ಟ್ರೀಯ ಶಿಷ್ಟತೆಯೇ ಆಗಿದ್ದರೂ ಅದು ಪುಟದ ನೋಟವನ್ನು ಕಾಯುವ ರೂಪವಾಗಿದ್ದು, ಅದರಿಂದ ಕನ್ನಡ ಪಠ್ಯವನ್ನು ಮರಳಿ ತೆಗೆಯುವಾಗ ಅಕ್ಷರಗಳ ಕ್ರಮ ಕದಡುವುದು ಸಾಮಾನ್ಯ. ಅದನ್ನು ಮೂಲಪ್ರತಿಯೆಂದು ನೆಚ್ಚಬಾರದು.

ಬರಹದ ಜೊತೆಗೆ ಅದರ ಹಿನ್ನೆಲೆಯೂ ಸಾಗಬೇಕು. ಗಣಕ ತೋರಿಸುವ ದಿನಾಂಕ ಪ್ರತಿ ಮಾಡುವಾಗ ಬದಲಾಗಬಹುದಾದ್ದರಿಂದ, ಬರೆದ ದಿನ, ಪ್ರಕಟವಾದ ಪತ್ರಿಕೆ, ತಿದ್ದಿದ ವಿವರಗಳನ್ನು ಪಠ್ಯದ ಮೊದಲ ಸಾಲುಗಳಲ್ಲಿಯೇ ಬರೆದಿಡಬೇಕು. ಮೂಲ ಕಡತವನ್ನೂ ಅದರ ಫಾಂಟನ್ನೂ ಅಳಿಸದೆ ಬೇರೆಯಾಗಿ ಇಟ್ಟುಕೊಂಡರೆ ಮುಂದೆ ಸಂದೇಹ ಬಂದಾಗ ತಾಳೆ ನೋಡಲು ಸಾಧ್ಯ.

ಎಲ್ಲಕ್ಕಿಂತ ಮುಖ್ಯವಾದ ಪಾಠವನ್ನು ಕಲಿಸಿದ್ದು ಒಂದು ದೀರ್ಘ. ‘ಕೆರೆ ಕೋಡಿ ಬಿದ್ದ ವರ್ಷ’ ಎಂದಿದ್ದ ಹಳೆಯ ಟಿಪ್ಪಣಿಯೊಂದು, ದೀರ್ಘದ ಸಂಕೇತ ಉದುರಿದ್ದರಿಂದ, ‘ಕೆರೆ ಕೊಡಿ ಬಿದ್ದ ವರ್ಷ’ ಎಂದಾಗಿತ್ತು. ‘ಕೊಡಿ’ ಎಂಬುದೂ ಶುದ್ಧವಾದ ಕನ್ನಡ ಪದವೇ ಆದ್ದರಿಂದ ಕಾಗುಣಿತ ಪರೀಕ್ಷಕ ಅದನ್ನು ತಪ್ಪೆಂದು ತೋರಿಸಲಿಲ್ಲ. ತುಂಬಿ ಹರಿದ ಆ ಕೆರೆಯನ್ನು ಕಂಡಿದ್ದ ಲೇಖಕಿಗೆ ಮಾತ್ರ ಅದು ತಕ್ಷಣ ಗೊತ್ತಾಯಿತು. ಬರಹವನ್ನು ಮುಕ್ತ ರೂಪಕ್ಕೆ ಸಾಗಿಸುವ ಕೆಲಸವನ್ನು ಮಕ್ಕಳಿಗೋ ಮುಂದಿನ ತಂತ್ರಾಂಶಕ್ಕೋ ಬಿಡದೆ, ಏನು ಬರೆದಿತ್ತೆಂಬುದು ಬರೆದವರಿಗೆ ನೆನಪಿರುವಾಗಲೇ, ಸಾಲುಸಾಲಾಗಿ ಓದಿ ಮುಗಿಸಬೇಕು.